ಹೂಡಿಕೆದಾರರ ವೀಸಾ ಮತ್ತು ಹುಟ್ಟಿದ ದೇಶದ ಸರತಿ: ಹಣ ಕಳಿಸುವ ಮೊದಲು ಮಾಡಿಕೊಳ್ಳಬೇಕಾದ ಲೆಕ್ಕ

ವಸಂತನರಸಾಪುರ, ನರಸಾಪುರ, ವೇಮಗಲ್, ಗೌರಿಬಿದನೂರು ಕೈಗಾರಿಕಾ ಪ್ರದೇಶಗಳ ಸುತ್ತ ಜಮೀನಿನ ಬೆಲೆ ಏರಿದ ಮೇಲೆ, ಮಗನೋ ಮಗಳೋ ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ಮನೆಗಳಲ್ಲಿ ಹೂಡಿಕೆಯ ಮೂಲಕ ಗ್ರೀನ್ ಕಾರ್ಡ್ ಪಡೆಯುವ ಮಾತು ಈಗ ಅಪರೂಪವಲ್ಲ. ಈ ವಿಷಯವನ್ನು ವಿವರಿಸಲು ಬರುವ ಏಜೆಂಟರು ಎಷ್ಟು ಡಾಲರ್ ಕಟ್ಟಬೇಕು, ಯಾವ ಹೋಟೆಲಿನಲ್ಲಿ ಅಥವಾ ವಸತಿ ಸಮುಚ್ಚಯದಲ್ಲಿ ಹಣ ತೊಡಗುತ್ತದೆ ಎಂಬುದನ್ನು ಬಣ್ಣದ ಪುಸ್ತಿಕೆಯಲ್ಲಿ ತೋರಿಸುತ್ತಾರೆ. ಅರ್ಜಿದಾರ ಎಲ್ಲಿ ಹುಟ್ಟಿದವನು ಎಂಬ ಒಂದೇ ಸಂಗತಿಯಿಂದ ಅರ್ಜಿ ವರ್ಷಗಟ್ಟಲೆ ನಿಲ್ಲಬಹುದು ಎಂಬುದನ್ನು ಮಾತ್ರ ಕೊನೆಯ ಪುಟದ ಸಣ್ಣ ಅಕ್ಷರಕ್ಕೆ ಬಿಡುತ್ತಾರೆ. ಆ ಸಣ್ಣ ಅಕ್ಷರವನ್ನು ಮೊದಲೇ ಓದಿ, ಅದಕ್ಕೆ ತಕ್ಕಂತೆ ವರ್ಗ, ಅರ್ಜಿದಾರ, ಹಣ ಮತ್ತು ಕಾಗದಪತ್ರಗಳನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದದ್ದು: ತಡೆ ಹುಟ್ಟಿನಿಂದಲೋ, ಪಾಸ್‌ಪೋರ್ಟಿನಿಂದಲೋ?

ರಾಷ್ಟ್ರೀಯತೆಯ ಆಧಾರದ ನಿರ್ಬಂಧ ಎಂದು ಒಟ್ಟಾಗಿ ಕರೆಯುವ ಸಂಗತಿಗಳಲ್ಲಿ ಬೇರೆ ಬೇರೆ ಬಗೆಗಳಿವೆ, ಒಂದಕ್ಕೆ ಇರುವ ಪರಿಹಾರ ಇನ್ನೊಂದಕ್ಕೆ ನಡೆಯುವುದಿಲ್ಲ. ಅಮೆರಿಕದ ಇಬಿ-5 ಎಂಬ ಹೂಡಿಕೆದಾರರ ವರ್ಗದಲ್ಲಿ ದೇಶವಾರು ಮಿತಿ ಎಣಿಕೆಯಾಗುವುದು ಹುಟ್ಟಿದ ದೇಶದ ಮೇಲೆ. ಮಧುಗಿರಿಯಲ್ಲಿ ಹುಟ್ಟಿದವರು ನಾಳೆ ಬೇರೆ ಯಾವ ದೇಶದ ಪೌರತ್ವ ಪಡೆದರೂ ಭಾರತದ ಸರತಿಯಲ್ಲೇ ನಿಲ್ಲುತ್ತಾರೆ. ಇ-2 ಎಂಬ ಒಪ್ಪಂದ ಹೂಡಿಕೆದಾರರ ವೀಸಾಕ್ಕೆ ಬೇಕಾದದ್ದು ಪೌರತ್ವ. ಅಮೆರಿಕದೊಂದಿಗೆ ಅಗತ್ಯ ಒಪ್ಪಂದವಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲದಿರುವುದರಿಂದ ಭಾರತೀಯ ಪಾಸ್‌ಪೋರ್ಟ್ ಇರುವವರು ಅದಕ್ಕೆ ಅರ್ಜಿಯನ್ನೇ ಹಾಕುವಂತಿಲ್ಲ. ಮೂರನೆಯದು ನೇರ ಪ್ರವೇಶ ನಿಷೇಧ. 2025ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರ ಘೋಷಣೆಯೊಂದು 12 ದೇಶಗಳ ಪ್ರಜೆಗಳಿಗೆ ಪೂರ್ಣವಾಗಿ, 7 ದೇಶಗಳವರಿಗೆ ಭಾಗಶಃ ಬಾಗಿಲು ಮುಚ್ಚಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪಟ್ಟಿ ಇನ್ನೂ ಉದ್ದವಾಯಿತು. ಭಾರತ ಆ ಪಟ್ಟಿಗಳಲ್ಲಿ ಇಲ್ಲ, ಆದರೆ ಸಂಗಾತಿ ಇರಾನ್, ಯೆಮನ್ ಅಥವಾ ಮ್ಯಾನ್ಮಾರ್‌ನ ಪ್ರಜೆಯಾಗಿದ್ದರೆ ಕುಟುಂಬದ ಅರ್ಧ ಭಾಗ ಮಾತ್ರ ವೀಸಾ ಪಡೆಯುವ ಪರಿಸ್ಥಿತಿ ಬರಬಹುದು. ಯುರೋಪಿನಲ್ಲಿಯೂ ಇಂಥದೇ ನಡೆದಿದೆ: 2022ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ರಷ್ಯಾ ಮತ್ತು ಬೆಲಾರೂಸ್ ಪ್ರಜೆಗಳ ಹೂಡಿಕೆ ಆಧಾರಿತ ವಾಸದ ಪರವಾನಗಿಗಳನ್ನು ನಿಲ್ಲಿಸುವಂತೆ ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾಡಿತು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಂಬ ನಮ್ಮ ಮೂರು ಜಿಲ್ಲೆಗಳ ಬಹುಪಾಲು ಕುಟುಂಬಗಳಿಗೆ ನಿಜವಾಗಿ ತಟ್ಟುವುದು ಮೊದಲನೆಯದು. ಆದ್ದರಿಂದ ಅದನ್ನೇ ವಿಸ್ತಾರವಾಗಿ ನೋಡಬೇಕು.

ಸರತಿ ಹೇಗೆ ಬೆಳೆಯುತ್ತದೆ

ಇಬಿ-5 ವರ್ಗಕ್ಕೆ ವರ್ಷಕ್ಕೆ ಸುಮಾರು 9,940 ವೀಸಾಗಳು ಸಿಗುತ್ತವೆ. ಅಮೆರಿಕದ ವಲಸೆ ಕಾನೂನಿನ ಪ್ರಕಾರ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ. ಎಂದರೆ ಭಾರತದ ಪಾಲು ಸುಮಾರು 700. ಈ 700ರಲ್ಲಿ ಹೂಡಿಕೆದಾರ ಮಾತ್ರವಲ್ಲ, ಅವರ ಪತ್ನಿ ಅಥವಾ ಪತಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳೂ ಒಬ್ಬೊಬ್ಬರಾಗಿ ಲೆಕ್ಕಕ್ಕೆ ಬರುತ್ತಾರೆ. ನಾಲ್ವರ ಕುಟುಂಬಗಳೇ ಬಂದವೆಂದುಕೊಂಡರೆ ಇಡೀ ಭಾರತದಿಂದ ವರ್ಷಕ್ಕೆ 175 ಹೂಡಿಕೆದಾರರಿಗೆ ಮಾತ್ರ ಜಾಗ. ಬೇರೆ ದೇಶದವರು ಬಳಸದೆ ಉಳಿದ ಸಂಖ್ಯೆಗಳು ಮುಂದಕ್ಕೆ ಹರಿಯುತ್ತವೆಯಾದರೂ ಅವು ಹಳೆಯ ದಿನಾಂಕ ಹಿಡಿದವರಿಗೆ ಮೊದಲು ಹೋಗುತ್ತವೆ, ಮತ್ತು ಚೀನಾದಲ್ಲಿ ಹುಟ್ಟಿದ ಅರ್ಜಿದಾರರ ದಿನಾಂಕಗಳು ಭಾರತದವರಿಗಿಂತ ಹಳೆಯವು.

ಇಲ್ಲಿ ದಿನಾಂಕ ಎಂದರೆ ಆದ್ಯತಾ ದಿನಾಂಕ. ಹೂಡಿಕೆದಾರರ ಅರ್ಜಿ, ಅಂದರೆ ರೀಜನಲ್ ಸೆಂಟರ್ (ಹಲವು ಹೂಡಿಕೆದಾರರ ಹಣವನ್ನು ಒಟ್ಟುಗೂಡಿಸಿ ಯೋಜನೆಗಳಲ್ಲಿ ತೊಡಗಿಸುವ, ಸರ್ಕಾರದ ಮಾನ್ಯತೆಯಿರುವ ಸಂಸ್ಥೆ) ಮೂಲಕ ಹೂಡುವವರ ವಿಷಯದಲ್ಲಿ ಐ-526ಇ ನಮೂನೆ, ಸ್ವೀಕೃತವಾದ ದಿನವೇ ಆ ದಿನಾಂಕ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಭಾರತಕ್ಕೆ ಪ್ರತ್ಯೇಕ ಕಾಲಂ ಇರುತ್ತದೆ. ಅದರಲ್ಲಿ ‘ಸಿ’ ಎಂಬ ಅಕ್ಷರವಿದ್ದರೆ ಸರತಿ ಇಲ್ಲವೆಂದು ಅರ್ಥ. ದಿನಾಂಕವಿದ್ದರೆ ಅದಕ್ಕಿಂತ ಮುಂಚಿನ ಆದ್ಯತಾ ದಿನಾಂಕ ಇರುವವರಿಗೆ ಮಾತ್ರ ವೀಸಾ. ‘ಯು’ ಎಂದಿದ್ದರೆ ಆ ತಿಂಗಳು ಯಾರಿಗೂ ಇಲ್ಲ. ಬುಲೆಟಿನ್‌ನಲ್ಲಿ ಎರಡು ಪಟ್ಟಿಗಳಿರುತ್ತವೆ, ಒಂದು ವೀಸಾ ಕೊಡುವ ಅಂತಿಮ ದಿನಾಂಕಗಳದ್ದು, ಇನ್ನೊಂದು ಕಾಗದಪತ್ರ ಸಲ್ಲಿಸಬಹುದಾದ ದಿನಾಂಕಗಳದ್ದು. ಎರಡನೆಯದು ಸಾಮಾನ್ಯವಾಗಿ ಆಶಾದಾಯಕವಾಗಿ ಕಾಣುತ್ತದೆ, ಏಜೆಂಟರು ತೋರಿಸುವುದೂ ಅದನ್ನೇ. ಇನ್ನೊಂದು ಮಾತು: ಅಲ್ಲಿನ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುವುದರಿಂದ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ದಿನಾಂಕ ಹಿಂದೆ ಸರಿಯುವುದು ಅಥವಾ ವರ್ಗವೇ ಮುಚ್ಚುವುದು ಅಸಾಮಾನ್ಯವಲ್ಲ. ಮುಂದಕ್ಕೆ ಹೋದ ದಿನಾಂಕ ಹಿಂದಕ್ಕೂ ಬರುತ್ತದೆ ಎಂಬುದನ್ನು ಒಪ್ಪಿಕೊಂಡೇ ಯೋಜನೆ ಮಾಡಬೇಕು.

ವರ್ಗದ ಆಯ್ಕೆ

2022ರ ಮಾರ್ಚ್ 15ರಂದು ಜಾರಿಗೆ ಬಂದ ಇಬಿ-5 ಸುಧಾರಣಾ ಕಾಯ್ದೆ ವೀಸಾಗಳಲ್ಲಿ ಶೇ. 20ನ್ನು ಗ್ರಾಮೀಣ ಯೋಜನೆಗಳಿಗೆ, ಶೇ. 10ನ್ನು ನಿರುದ್ಯೋಗ ಹೆಚ್ಚಿರುವ ಪ್ರದೇಶಗಳಿಗೆ, ಶೇ. 2ನ್ನು ಮೂಲಸೌಕರ್ಯ ಯೋಜನೆಗಳಿಗೆ ಮೀಸಲಿಟ್ಟಿತು. ಈ ಮೀಸಲು ವರ್ಗಗಳಲ್ಲಿ ಕನಿಷ್ಠ ಹೂಡಿಕೆ 8 ಲಕ್ಷ ಡಾಲರ್, ಉಳಿದ ಕಡೆ 10.5 ಲಕ್ಷ ಡಾಲರ್; 2027ರ ಜನವರಿ 1ರಿಂದ ಹಣದುಬ್ಬರಕ್ಕೆ ತಕ್ಕಂತೆ ಮೊತ್ತ ಏರಲಿದೆ. ಮೀಸಲಿಲ್ಲದ ವರ್ಗದಲ್ಲಿ ಭಾರತದಲ್ಲಿ ಹುಟ್ಟಿದವರ ಸರತಿ ವರ್ಷಗಳಷ್ಟು ಹಿಂದಿದ್ದಾಗಲೂ 2025ರ ಕೊನೆಯವರೆಗೆ ಮೀಸಲು ವರ್ಗಗಳ ಎದುರು ‘ಸಿ’ ಅಕ್ಷರವೇ ಇತ್ತು. ಗ್ರಾಮೀಣ ಯೋಜನೆಗಳ ಅರ್ಜಿಗಳನ್ನು ಆದ್ಯತೆಯ ಮೇಲೆ ಪರಿಶೀಲಿಸಬೇಕೆಂಬ ನಿಯಮವೂ ಕಾಯ್ದೆಯಲ್ಲಿದೆ. ಆದ್ದರಿಂದ ಭಾರತದಲ್ಲಿ ಹುಟ್ಟಿದವರು ವಿಶೇಷ ಕಾರಣವಿಲ್ಲದೆ ಮೀಸಲಿಲ್ಲದ ವರ್ಗವನ್ನು ಆರಿಸಿಕೊಳ್ಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದರೆ ಈ ಬಾಗಿಲಿನಲ್ಲೂ ಜನ ಸೇರುತ್ತಿದ್ದಾರೆ; ಇವತ್ತಿನ ‘ಸಿ’ ಅರ್ಜಿ ಮಂಜೂರಾಗುವ ದಿನಕ್ಕೂ ಉಳಿಯುತ್ತದೆ ಎಂದು ಬರೆದುಕೊಡುವ ಏಜೆಂಟರನ್ನು ನಂಬಬಾರದು. ರೀಜನಲ್ ಸೆಂಟರ್ ಯೋಜನೆಯ ಅವಧಿ ಸದ್ಯದ ಕಾನೂನಿನಲ್ಲಿ 2027ರ ಸೆಪ್ಟೆಂಬರ್ 30ರವರೆಗೆ ಇದ್ದು, 2026ರ ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದ ಅರ್ಜಿಗಳಿಗೆ ಯೋಜನೆ ಮುಂದುವರಿಯದಿದ್ದರೂ ಪರಿಶೀಲನೆಯ ರಕ್ಷಣೆ ಇದೆ. ಈ ರಕ್ಷಣೆ ಯೋಜನೆ ನಿಂತುಹೋಗುವ ಭಯಕ್ಕೆ ಮದ್ದು, ಸರತಿಗೆ ಅಲ್ಲ.

‘ಗೋಲ್ಡ್ ಕಾರ್ಡ್’ ಬಗ್ಗೆಯೂ ಕೆಲವರು ವಿಚಾರಿಸುತ್ತಾರೆ. 2025ರ ಸೆಪ್ಟೆಂಬರ್‌ನ ಅಮೆರಿಕ ಅಧ್ಯಕ್ಷರ ಆದೇಶದ ಪ್ರಕಾರ 10 ಲಕ್ಷ ಡಾಲರ್ ಕೊಡುಗೆ ನೀಡಿದವರಿಗೆ ಸಿಗುವುದು ಉದ್ಯೋಗ, ಪರಿಣತಿ ಆಧಾರಿತ ಇಬಿ-1 ಅಥವಾ ಇಬಿ-2 ವರ್ಗದ ವೀಸಾ ಸಂಖ್ಯೆಯೇ. ಆ ಎರಡು ವರ್ಗಗಳಲ್ಲಿ ಭಾರತದಲ್ಲಿ ಹುಟ್ಟಿದ ಸಾಫ್ಟ್‌ವೇರ್ ಉದ್ಯೋಗಿಗಳು ವರ್ಷಗಳಿಂದ ಕಾಯುತ್ತಿದ್ದಾರೆ. ಹಿಂದಿರುಗದ ಹಣ ಕೊಟ್ಟು ಅದೇ ಸರತಿಯ ಬಾಲ ಹಿಡಿಯುವುದರಲ್ಲಿ ಕೋಲಾರದ ರೈತ ಕುಟುಂಬಕ್ಕೆ ಏನು ಲಾಭವೆಂಬುದು ನನಗೆ ತೋಚಿಲ್ಲ.

ಸಂಗಾತಿಯ ಜನ್ಮಸ್ಥಳವನ್ನು ನೋಡಿ

ಹುಟ್ಟಿದ ದೇಶದ ಮಿತಿಗೆ ಕಾನೂನಿನಲ್ಲೇ ಇರುವ ಮುಖ್ಯ ವಿನಾಯಿತಿ ಇದು. ಪತಿ ಭಾರತದಲ್ಲಿ, ಪತ್ನಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಸೇರಿ ಪತ್ನಿಯ ಹುಟ್ಟಿದ ದೇಶದ ಪಾಲಿನಲ್ಲಿ ವೀಸಾ ಕೇಳಬಹುದು. ತಂದೆ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿದ್ದಾಗ ಕುವೈತ್‌ನಲ್ಲೋ ಸೌದಿಯಲ್ಲೋ ಹುಟ್ಟಿ, ಆಮೇಲೆ ಊರಿನಲ್ಲಿ ಬೆಳೆದವರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಅವರ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೂ ಸರತಿಯ ಲೆಕ್ಕಕ್ಕೆ ಅವರು ಆ ದೇಶದವರಾಗಿ ಪರಿಗಣಿತರಾಗಬಹುದು. ಪೋಷಕರಿಬ್ಬರೂ ಆ ದೇಶದಲ್ಲಿ ನೆಲೆಸದೆ ತಾತ್ಕಾಲಿಕವಾಗಿ ಇದ್ದಾಗ ಹುಟ್ಟಿದವರ ವಿಷಯ ಬೇರೆಯಾಗುವುದರಿಂದ ವಕೀಲರಿಗೆ ಆ ಕಾಲದ ವಾಸದ ದಾಖಲೆಗಳನ್ನೂ ತೋರಿಸಬೇಕು. ಮಕ್ಕಳು ತಂದೆ ಅಥವಾ ತಾಯಿಯ ದೇಶದ ಪಾಲಿನಲ್ಲಿ ಸೇರಬಹುದು; ಮಗುವಿನ ಜನ್ಮಸ್ಥಳವನ್ನು ತೋರಿಸಿ ಪೋಷಕರು ಸರತಿ ಬದಲಿಸುವಂತಿಲ್ಲ. ಮೊದಲ ಭೇಟಿಯಲ್ಲೇ ಇಡೀ ಕುಟುಂಬದ ಜನನ ಪ್ರಮಾಣಪತ್ರಗಳನ್ನು ಮೇಜಿನ ಮೇಲಿಡದ ಸಲಹೆಗಾರರು ಅರ್ಧ ಕೆಲಸವನ್ನಷ್ಟೇ ಮಾಡುತ್ತಿದ್ದಾರೆ.

ಎರಡನೇ ಪಾಸ್‌ಪೋರ್ಟ್ ಕೊಂಡು ಇ-2 ವೀಸಾ ಪಡೆಯುವ ದಾರಿಯನ್ನು ಕೆಲವರು ಸೂಚಿಸುತ್ತಾರೆ. ಕೆರಿಬಿಯನ್ ದ್ವೀಪರಾಷ್ಟ್ರ ಗ್ರೆನಡಾ ಒಪ್ಪಂದದ ಪಟ್ಟಿಯಲ್ಲಿದೆ ಮತ್ತು ಹೂಡಿಕೆಗೆ ಪೌರತ್ವ ಕೊಡುತ್ತದೆ. ಆದರೆ ಹೂಡಿಕೆಯಿಂದ ಪೌರತ್ವ ಪಡೆದವರು ಇ-2ಕ್ಕೆ ಮೊದಲು ಆ ದೇಶದಲ್ಲಿ ಕನಿಷ್ಠ 3 ವರ್ಷ ನಿರಂತರವಾಗಿ ನೆಲೆಸಿರಬೇಕೆಂಬ ನಿಯಮ 2022ರ ಡಿಸೆಂಬರ್‌ನಲ್ಲಿ ಬಂದಿದೆ. ಇದಕ್ಕಿಂತ ಗಂಭೀರವಾದದ್ದು ನಮ್ಮ ಕಡೆಯ ಪರಿಣಾಮ: 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪಡೆದರೂ ಕೃಷಿ ಜಮೀನು ಕೊಳ್ಳಲು ವಿದೇಶಿ ವಿನಿಮಯ ನಿಯಮಗಳು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ತೋಟ ವಿಸ್ತರಿಸುವ ಆಸೆಯಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅರ್ಜಿದಾರ ಯಾರಾಗಬೇಕು: ತಂದೆಯೋ, ಮಗಳೋ?

ವಿಳಂಬದ ನಿಜವಾದ ಬೆಲೆ ಕಾಣುವುದು ಮಕ್ಕಳ ವಯಸ್ಸಿನಲ್ಲಿ. ತಂದೆ ಹೂಡಿಕೆದಾರನಾದರೆ 21 ತುಂಬದ ಅವಿವಾಹಿತ ಮಕ್ಕಳು ಜೊತೆಗೆ ಹೋಗಬಹುದು. ಮಕ್ಕಳ ರಕ್ಷಣೆಗೆ ಇರುವ ಕಾನೂನು, ವೀಸಾ ಸಂಖ್ಯೆ ಲಭ್ಯವಾದ ದಿನದ ವಯಸ್ಸಿನಿಂದ ಅರ್ಜಿ ಪರಿಶೀಲನೆಯಲ್ಲಿ ಕಳೆದ ಅವಧಿಯನ್ನು ಕಳೆಯಲು ಅವಕಾಶ ಕೊಡುತ್ತದೆ. ಸರತಿಯಲ್ಲಿ ಕಳೆದ ಅವಧಿಯನ್ನು ಕಳೆಯಲು ಅವಕಾಶವಿಲ್ಲ. ಅರ್ಜಿ ಹಾಕುವಾಗ ಮಗಳಿಗೆ 19 ವರ್ಷ, ಪರಿಶೀಲನೆಗೆ 2 ವರ್ಷ ಹಿಡಿಯಿತು ಎಂದುಕೊಳ್ಳೋಣ. ಮಂಜೂರಾದ ದಿನವೇ ವರ್ಗ ‘ಸಿ’ ಆಗಿದ್ದರೆ 21ರಲ್ಲಿ 2 ಕಳೆದು ಆಕೆಯ ವಯಸ್ಸು 19 ಎಂದೇ ಎಣಿಕೆಯಾಗುತ್ತದೆ. ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಟ್ಟರೆ ತೊಂದರೆಯಿಲ್ಲ. ಮಂಜೂರಾದ ಮೇಲೆ ಭಾರತದ ಸರತಿಯಲ್ಲಿ ಇನ್ನೂ 3 ವರ್ಷ ಕಾಯಬೇಕಾಗಿ ಬಂದರೆ 24ರಲ್ಲಿ 2 ಕಳೆದು 22 ಆಗುತ್ತದೆ, ಆಕೆ ತಂದೆಯ ಅರ್ಜಿಯಿಂದ ಹೊರಬೀಳುತ್ತಾಳೆ. ಇದೇ ಕುಟುಂಬದ ತಾಯಿ ಸರತಿಯಿಲ್ಲದ ದೇಶದಲ್ಲಿ ಹುಟ್ಟಿದ್ದರೆ ಈ 3 ವರ್ಷಗಳ ಪ್ರಶ್ನೆಯೇ ಬರುತ್ತಿರಲಿಲ್ಲ. 2025ರ ಆಗಸ್ಟ್ 15ರಿಂದ ಅಲ್ಲಿನ ವಲಸೆ ಇಲಾಖೆ ಈ ವಯಸ್ಸಿನ ಲೆಕ್ಕಕ್ಕೆ ಅಂತಿಮ ದಿನಾಂಕಗಳ ಪಟ್ಟಿಯನ್ನೇ ಬಳಸುತ್ತಿದೆ, ಹಾಗಾಗಿ ಆಶಾದಾಯಕ ಪಟ್ಟಿಯನ್ನು ನೋಡಿ ಸಮಾಧಾನಪಡುವಂತಿಲ್ಲ.

ಈ ಕಾರಣಕ್ಕಾಗಿ 18 ದಾಟಿ ಅಮೆರಿಕದಲ್ಲಿ ಓದುತ್ತಿರುವ ಮಗ ಅಥವಾ ಮಗಳನ್ನೇ ಹೂಡಿಕೆದಾರರನ್ನಾಗಿ ಮಾಡುವುದನ್ನು ಪರಿಶೀಲಿಸಬೇಕು. ಆಗ ವಯಸ್ಸು ಮೀರುವ ಭಯ ಇರುವುದಿಲ್ಲ. ವರ್ಗ ‘ಸಿ’ ಆಗಿರುವಾಗ ಕ್ರಮಬದ್ಧ ವೀಸಾದ ಮೇಲೆ ಅಲ್ಲೇ ಇರುವವರು ಐ-526ಇ ಜೊತೆಯಲ್ಲೇ, ಅಮೆರಿಕದೊಳಗಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿಯನ್ನೂ ಹಾಕಬಹುದು. ಅದು ಪರಿಶೀಲನೆಯಲ್ಲಿರುವಾಗ ಉದ್ಯೋಗದ ಅನುಮತಿ ಮತ್ತು ಪ್ರಯಾಣದ ಅನುಮತಿ ಕೇಳಬಹುದು, ಮತ್ತು ಆನಂತರ ಬುಲೆಟಿನ್ ದಿನಾಂಕ ಹಿಂದೆ ಸರಿದರೂ ಅರ್ಜಿ ತಿರಸ್ಕೃತವಾಗದೆ ಬಾಕಿ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಭಾರತೀಯರಿಗೆ ಸರತಿಯ ವಿರುದ್ಧ ಇರುವ ಅತ್ಯಂತ ಗಟ್ಟಿಯಾದ ರಕ್ಷಣೆ ಇದೇ. ಇದರ ನಷ್ಟವೂ ಸ್ಪಷ್ಟವಾಗಿದೆ: ಮಗಳು ಹೂಡಿಕೆದಾರಳಾದರೆ ತಂದೆತಾಯಿ ಜೊತೆಯಲ್ಲಿ ಹೋಗಲಾಗದು, ಆಕೆ ಅಲ್ಲಿನ ಪ್ರಜೆಯಾದ ಮೇಲಷ್ಟೇ ಅವರಿಗೆ ಅರ್ಜಿ ಹಾಕಬಹುದು.

ಹಣ ಹೊರಡುವ ದಾರಿ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್ ಮಾತ್ರ ಕಳಿಸಬಹುದು. 8 ಲಕ್ಷ ಡಾಲರ್‌ಗೆ ಇದು ಸಾಲದು, ಹಾಗಾಗಿ ಹಣ ಕೂಡುವುದಕ್ಕೇ ಆದ್ಯತಾ ದಿನಾಂಕ ತಡವಾಗುತ್ತದೆ. ಕುಟುಂಬದವರ ಮಿತಿಯನ್ನೆಲ್ಲ ತಂದೆಯ ಒಬ್ಬರ ಹೂಡಿಕೆಗೆ ಸೇರಿಸಿಬಿಡಬಹುದೆಂಬ ಸಲಹೆ ಅಪಾಯಕಾರಿ, ಏಕೆಂದರೆ ಹೂಡಿಕೆಯಲ್ಲಿ ಸಹ ಮಾಲೀಕರಲ್ಲದವರ ಮಿತಿಯನ್ನು ಹಾಗೆ ಕೂಡಿಸಲು ರಿಸರ್ವ್ ಬ್ಯಾಂಕ್ ಒಪ್ಪುವುದಿಲ್ಲ. ಒಬ್ಬ ನಿವಾಸಿ ಇನ್ನೊಬ್ಬ ನಿವಾಸಿಯ ವಿದೇಶಿ ಖಾತೆಗೆ ಡಾಲರ್ ಉಡುಗೊರೆ ಕೊಡುವಂತೆಯೂ ಇಲ್ಲ. ಓದಲು ಹೋಗಿರುವ ಮಗಳು ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿಯಾದ್ದರಿಂದ ಆಕೆಗೆ ತಂದೆ, ತಾಯಿ ತಮ್ಮ ತಮ್ಮ ಮಿತಿಯೊಳಗೆ ಉಡುಗೊರೆ ಕಳಿಸಬಹುದು. ಇಬ್ಬರು ಮಾರ್ಚ್ ತಿಂಗಳಲ್ಲಿ ತಲಾ 2.5 ಲಕ್ಷ, ಮತ್ತೆ ಏಪ್ರಿಲ್‌ನಲ್ಲಿ ಉಳಿದದ್ದನ್ನು ಕಳಿಸಿದರೆ ಎರಡು ಹಣಕಾಸು ವರ್ಷಗಳ ಮಿತಿ ಕೆಲವೇ ವಾರಗಳಲ್ಲಿ ಬಳಕೆಯಾಗುತ್ತದೆ. ಜಮೀನು ಮಾರುವ ಸಮಯವನ್ನು ಇದಕ್ಕೆ ಹೊಂದಿಸಿಕೊಂಡರೆ ಒಂದು ವರ್ಷವೇ ಉಳಿಯುತ್ತದೆ.

ಹೂಡಿಕೆ ಮತ್ತು ಉಡುಗೊರೆಯ ರವಾನೆಯಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ ಶೇ. 20ರಷ್ಟು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಡಾಲರ್‌ಗೆ 85 ರೂಪಾಯಿ ಎಂದಿಟ್ಟುಕೊಂಡರೂ 2.5 ಲಕ್ಷ ಡಾಲರ್ 2.125 ಕೋಟಿ ರೂಪಾಯಿ ಆಗುತ್ತದೆ, ಟಿಸಿಎಸ್ 40.5 ಲಕ್ಷ. ಈ ಮೊತ್ತ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ, ಆದರೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ಎಂದೂ ರಿಟರ್ನ್ ಸಲ್ಲಿಸದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಊರಿನ ಕಾಗದ, ಅಮೆರಿಕದ ಸರತಿ

ಆದ್ಯತಾ ದಿನಾಂಕ ಅರ್ಜಿ ಹಾಕಿದ ದಿನಕ್ಕೆ ನಿಗದಿಯಾಗುತ್ತದೆ ನಿಜ, ಆದರೆ ಅರ್ಜಿ ತಿರಸ್ಕೃತವಾದರೆ ಆ ದಿನಾಂಕವೂ ಹೋಗುತ್ತದೆ. ಸರತಿಯಿಲ್ಲದ ದೇಶದಲ್ಲಿ ಹುಟ್ಟಿದವರು ಮತ್ತೆ ಅರ್ಜಿ ಹಾಕಿ ಮುಂದುವರಿಯಬಹುದು. ಭಾರತದಲ್ಲಿ ಹುಟ್ಟಿದವರು ಸಾಲಿನ ಕೊನೆಗೆ ಹೋಗಬೇಕಾಗಬಹುದು. ಹಾಗಾಗಿ ಹಣದ ಮೂಲದ ದಾಖಲೆಗಳಲ್ಲಿ ನಮಗೆ ಸಡಿಲತೆಗೆ ಅವಕಾಶವಿಲ್ಲ.

ಜಮೀನು ಮಾರಿದ ಹಣವಾದರೆ ಮೂಲ ಮಂಜೂರಾತಿ ಅಥವಾ ಕ್ರಯಪತ್ರ, ವಂಶವೃಕ್ಷ, ವಿಭಾಗಪತ್ರ, ಪಹಣಿ, ಮ್ಯುಟೇಷನ್ ಪ್ರತಿ, ಋಣಭಾರ ಪ್ರಮಾಣಪತ್ರ ಇವುಗಳ ಕೊಂಡಿ ಎಲ್ಲೂ ಕಡಿಯಬಾರದು. ತಾತನ ಹೆಸರಿನಲ್ಲೇ ಪಹಣಿ ಉಳಿದಿರುವ ಜಮೀನನ್ನು ಮೊದಲು ಖಾತೆ ಬದಲಾವಣೆ ಮಾಡಿಸಿ, ಆಮೇಲೆ ಮಾರಾಟಕ್ಕೆ ಕೈಹಾಕಬೇಕು. ಕ್ರಯಪತ್ರದಲ್ಲಿ ಕಡಿಮೆ ಮೊತ್ತ ಬರೆದು ಉಳಿದದ್ದನ್ನು ನಗದಾಗಿ ಪಡೆಯುವ ಪದ್ಧತಿ ಇಲ್ಲಿ ನೇರ ನಷ್ಟ: ನೋಂದಣಿಯಾದ ಮೊತ್ತಕ್ಕಿಂತ ಹೆಚ್ಚಿನದು ಇಬಿ-5ಕ್ಕೆ ಇಲ್ಲದಂತೆಯೇ. ಕೈಗಾರಿಕೆಗಾಗಿ ಜಮೀನು ಸ್ವಾಧೀನಪಡಿಸಿಕೊಳ್ಳುವ ಕೆಐಎಡಿಬಿ ಮಂಡಳಿಯ ಪರಿಹಾರವಾದರೆ ಪರಿಹಾರದ ಆದೇಶ ಮತ್ತು ಬ್ಯಾಂಕಿಗೆ ಜಮೆಯಾದ ವಿವರ ಇರುವುದರಿಂದ ಕೆಲಸ ಹಗುರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಕೋಲಾರದ ಎಪಿಎಂಸಿ, ತಿಪಟೂರಿನ ಕೊಬ್ಬರಿ ವಹಿವಾಟಿನಿಂದ ವರ್ಷಗಳ ಕಾಲ ಉಳಿಸಿದ ಹಣವನ್ನು ರುಜುವಾತುಪಡಿಸುವುದು ಕಷ್ಟ. ಮಂಡಿ ಚೀಟಿ, ಬಿಲ್ಲು, ಡೇರಿ ಪಾವತಿ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ಒಂದಕ್ಕೊಂದು ತಾಳೆಯಾಗುವಂತೆ ಲೆಕ್ಕ ಪರಿಶೋಧಕರಿಂದ ಪಟ್ಟಿ ಮಾಡಿಸಿ. ಕನ್ನಡದ ದಾಖಲೆಗಳಿಗೆಲ್ಲ ಅನುವಾದಕರ ದೃಢೀಕರಣವಿರುವ ಇಂಗ್ಲಿಷ್ ಅನುವಾದ ಬೇಕು.

ಹುಟ್ಟಿದ ಸ್ಥಳದ ದಾಖಲೆಯಲ್ಲೂ ನಮ್ಮ ಭಾಗಕ್ಕೆ ವಿಶೇಷ ತೊಡಕಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ, ಆದ್ದರಿಂದ ಚಿಂತಾಮಣಿಯಲ್ಲಿ ಹುಟ್ಟಿದವರ ಹಳೆಯ ದಾಖಲೆಯಲ್ಲಿ ಒಂದು ಜಿಲ್ಲೆ, ಹೊಸ ದಾಖಲೆಯಲ್ಲಿ ಇನ್ನೊಂದು ಇರುತ್ತದೆ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಇದಕ್ಕೆ ಒಂದು ವಿವರಣಾ ಪ್ರಮಾಣಪತ್ರ ಸಾಕಾಗುತ್ತದೆ, ಆದರೆ ಇನಿಷಿಯಲ್ ವಿಸ್ತರಿಸಿದ ಹೆಸರು, ತಂದೆಯ ಹೆಸರು, ಶಾಲಾ ದಾಖಲೆಯ ಹುಟ್ಟಿದ ದಿನಾಂಕ ಇವುಗಳ ವ್ಯತ್ಯಾಸಗಳನ್ನು ಪಾಸ್‌ಪೋರ್ಟ್ ನವೀಕರಿಸುವಾಗಲೇ ಸರಿಪಡಿಸಿಕೊಳ್ಳಬೇಕು. ಜನನ ನೋಂದಣಿಯೇ ಆಗದ ಹಿರಿಯರು ನೋಂದಣಾಧಿಕಾರಿಯಿಂದ ಅಲಭ್ಯತಾ ಪ್ರಮಾಣಪತ್ರ ಪಡೆದು ಇತರ ಪೂರಕ ದಾಖಲೆಗಳನ್ನು ಜೋಡಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುವುದರಿಂದ ಅರ್ಜಿಯ ಜೊತೆಜೊತೆಗೇ ಆರಂಭಿಸಿ. ಪೊಲೀಸ್ ಕ್ಲಿಯರೆನ್ಸ್ ಮತ್ತು ವೈದ್ಯಕೀಯ ತಪಾಸಣೆಯನ್ನು ಮಾತ್ರ ಆತುರದಿಂದ ಮಾಡಿಸಬೇಡಿ. ಅವುಗಳಿಗೆ ಅವಧಿ ಇದೆ, ತಪಾಸಣೆಯ ವರದಿ ಸಾಮಾನ್ಯವಾಗಿ 6 ತಿಂಗಳಿಗೆ ಮುಗಿಯುತ್ತದೆ. ಬುಲೆಟಿನ್‌ನಲ್ಲಿ ಭಾರತದ ಕಾಲಂ ನಿಮ್ಮ ದಿನಾಂಕವನ್ನು ದಾಟಿ, ಸಂದರ್ಶನದ ಪತ್ರ ಕೈಗೆ ಬಂದ ಮೇಲೆ ತಪಾಸಣೆಗೆ ದಿನ ಗೊತ್ತುಮಾಡಿಕೊಂಡರೆ ಸಾಕು.